ಮೂರನೆಯ ಮಾತು

ಚಾವಣಿಯಿಂದ ಕಳಚಿದ ಚಪ್ಪಡಿ ಎಡಗಾಲ ಮೇಲೆ ಬಿದ್ದಾಗ ಕೆನ್ನಾನ ಬಾಯಿಂದ ಹೊರಟ ಮೊದಲ ಮಾತು, "ಅವನನ್ನ ಕರೀಬೇಡ್ರೋ!" ಎಂಬುದು. ಫೇರೋನ ಗೋರಿಗೆಂದು ಗುಡ್ಡದ ಹೊಟ್ಟೆಯೊಳಗೆ ಎಂಬತ್ತು ಹೆಜ್ಜೆ ಕೊರೆದಿದ್ದ ಆ ಸುರಂಗದಲ್ಲಿ ಸುಣ್ಣಕಲ್ಲಿನ ಧೂಳೆದ್ದು ದೀಪಗಳೆಲ್ಲ ಮಂಕಾಗಿದ್ದವು. ಯಾರಿಗೆ ಏನಾಯಿತೆಂದು ಕಾಣುವಂತಿರಲಿಲ್ಲ. ಆದರೂ ಕೂಗು ಕೇಳಿದ ಕೂಡಲೇ ಎಲ್ಲರಿಗೂ ತಿಳಿದುಹೋಯಿತು: ಪೆಟ್ಟು ಬಿದ್ದದ್ದು ಕೆನ್ನಾನಿಗೆ, ಕರೆಯಬಾರದವನು ಪಹೆರಿ.

ಪಹೆರಿ ಆ ತಂಡದ ವೈದ್ಯ. ವೈದ್ಯನೆಂದು ಮಡಿಬಟ್ಟೆಯುಟ್ಟು ನೆರಳಲ್ಲಿ ಕೂರುವವನಲ್ಲ. ಉಳಿದವರ ಹಾಗೆ ಬುಟ್ಟಿಯಲ್ಲಿ ಕಲ್ಲುಚೂರು ಹೊರುವವನೇ. ಯಾರಿಗಾದರೂ ಕಣ್ಣುಬೇನೆಯೋ ಮೂಳೆಮುರಿತವೋ ಆದಾಗ ಮಾತ್ರ ಬುಟ್ಟಿ ಇಳಿಸಿ ಮದ್ದಿನ ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದ. ಆ ಹೊತ್ತು ಅವನು ಸುರಂಗದ ಬಾಯಲ್ಲೇ ಬುಟ್ಟಿ ಸುರಿಯುತ್ತಿದ್ದ. ಕೂಗು ಕೇಳಿಯೂ ಒಳಗೆ ಬಂದ. ಬಂದವನು ಮಂಡಿಯೂರಿ ದೀಪವನ್ನು ಹತ್ತಿರ ಹಿಡಿದ. ಮೊಣಕಾಲಿಗಿಂತ ಒಂದು ಗೇಣು ಕೆಳಗೆ ಮೂಳೆ ಮುರಿದು, ಚರ್ಮ ಸೀಳಿಕೊಂಡು ಹೊರಗೆ ಚಾಚಿತ್ತು.

ಕೆನ್ನಾ ಬಾಯಲ್ಲಿದ್ದ ಎಂಜಲನ್ನೆಲ್ಲ ಕೂಡಿಸಿ ಅವನ ಮುಖಕ್ಕೆ ಉಗಿದ. ಧೂಳು ಮೆತ್ತಿದ ಬಾಯಲ್ಲಿ ಎಂಜಲೂ ಹೆಚ್ಚಿರಲಿಲ್ಲ.

"ನರಿಗೆ ಹಾಕ್ರೋ ನನ್ನ. ಈ ಕೊಲೆಗಡುಕನ ಕೈಗೆ ಕೊಡಬೇಡಿ."

ಪಹೆರಿ ತೋಳಿನಿಂದ ಮುಖ ಒರೆಸಿಕೊಂಡ. "ಚಪ್ಪಡಿ ಎತ್ತಿ. ಮೆಲ್ಲಗೆ. ಕಾಲನ್ನ ಮಾತ್ರ ಯಾರೂ ಎಳೀಬೇಡಿ," ಎಂದ.

ಆ ಹಗೆಗೆ ಎರಡು ವರ್ಷ ತುಂಬಿತ್ತು. ಗಾಯ ಪರೀಕ್ಷಿಸಿದ ವೈದ್ಯ ಮೂರರಲ್ಲಿ ಒಂದು ಮಾತನ್ನು ಎಲ್ಲರೆದುರು ಹೇಳಬೇಕೆಂಬುದು ಅಲ್ಲಿನ ಕಟ್ಟಳೆ. "ವಾಸಿ ಮಾಡ್ತೀನಿ" ಎಂಬುದು ಮೊದಲನೆಯದು. "ಸೆಣಸಿ ನೋಡ್ತೀನಿ" ಎಂಬುದು ಎರಡನೆಯದು. "ಇದು ಮದ್ದಿಗೆ ಬಗ್ಗೋದಲ್ಲ" ಎಂಬುದು ಮೂರನೆಯದು. ಮೂರನೆಯದನ್ನು ಆಡಿದ ವೈದ್ಯ ಕೈ ತೊಳೆದುಕೊಂಡು ಎದ್ದು ಹೋಗಬಹುದು. ರೋಗಿ ಸತ್ತರೆ ಅವನ ತಲೆಗೆ ಬರುವುದಿಲ್ಲ. ಕೆನ್ನಾನ ತಮ್ಮ ನೆಬು ಅಟ್ಟಣೆಯಿಂದ ಬಿದ್ದು ತಲೆಬುರುಡೆ ಬಿರಿದಾಗ ಪಹೆರಿ ಗಾಯದೊಳಗೆ ಬೆರಳಿಟ್ಟು ನೋಡಿದ, ಎದ್ದ, ಮೂರನೆಯದನ್ನು ಹೇಳಿದ. ಆಮೇಲೆ ನೆಬು ಐದು ದಿನ ಉಸಿರಾಡಿದ. ಐದು ದಿನವೂ ಕೆನ್ನಾ ಚಿಂದಿಬಟ್ಟೆಯನ್ನು ಬಿಯರಿನಲ್ಲಿ ಅದ್ದಿ ತಮ್ಮನ ತುಟಿಗೆ ಹಿಂಡಿದ. ಮೂರು ಮನೆ ಆಚೆಗಿದ್ದ ಪಹೆರಿ ಒಂದು ಸಲವೂ ಬಂದು ಇಣುಕಲಿಲ್ಲ.

ತಮ್ಮನನ್ನು ಮಣ್ಣು ಮಾಡಿ ಬಂದ ದಿನವೇ ಕೆನ್ನಾ ಪಹೆರಿಯ ಬಾಗಿಲನ್ನು ಕಲ್ಲಿನಿಂದ ಒಡೆದ. ಪಂಚಾಯಿತಿ ಅವನಿಗೆ ನೂರು ಏಟು ಹೊಡೆಸಿತು. ಬೆನ್ನು ಮಾಯ್ದ ಮೇಲೆ ಕಜ್ಜಿ ಹಿಡಿದ ಬೀದಿನಾಯಿಯೊಂದನ್ನು ತಂದು ಸಾಕಿಕೊಂಡು ಅದಕ್ಕೆ ಪಹೆರಿ ಎಂದು ಹೆಸರಿಟ್ಟ. ಆ ಊರಿಗಿರುವುದು ಒಂದೇ ಬೀದಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಮನೆಯ ಕೆಮ್ಮು ಹತ್ತು ಮನೆಗೆ ಕೇಳುತ್ತದೆ. ಸಂಜೆಯಾದರೆ ಕೆನ್ನಾ ಹೊಸ್ತಿಲಲ್ಲಿ ನಿಂತು, "ಪಹೆರೀ, ಬಾರೋ, ಮೀನಿನ ಮುಳ್ಳು ನೆಕ್ಕು ಬಾ!" ಎಂದು ಕರೆಯುವನು. ಬೀದಿಯ ಹೆಂಗಸರು ಸೆರಗಲ್ಲಿ ಬಾಯಿ ಮುಚ್ಚಿಕೊಳ್ಳುವರು. ವೈದ್ಯ ತನ್ನ ಬಾಗಿಲಲ್ಲಿ ಕೂತು ಮದ್ದು ಅರೆಯುತ್ತ ತಲೆ ಎತ್ತುತ್ತಿರಲಿಲ್ಲ.

ಈಗ ಕೆನ್ನಾನನ್ನು ಮರದ ಏಣಿಯ ಮೇಲೆ ಮಲಗಿಸಿ ನಾಲ್ವರು ಹೊತ್ತರು. ಕಣಿವೆಯಿಂದ ಗುಡ್ಡ ಹತ್ತಿ ಇಳಿದರೆ ಊರು. ಬಿಸಿಲು ನೆತ್ತಿಯ ಮೇಲಿತ್ತು. ಒಂದೊಂದು ಹೆಜ್ಜೆಗೂ ಮುರಿದ ಕಾಲು ಏಣಿಯ ಮೆಟ್ಟಿಲಿಗೆ ತಾಗಿ ಕೆನ್ನಾನ ಕಣ್ಣು ಕತ್ತಲಿಡುತ್ತಿತ್ತು. ಮತ್ತೆ ಎಚ್ಚರಾದಾಗ ಮೇಲೆ ಅದೇ ಬಿಳಿಯ ಆಕಾಶ, ಪಕ್ಕದಲ್ಲಿ ಎರಡು ದನಿ. ಒಂದು, ಗೋರಿಯ ಬಲಬದಿ ಕೊರೆಯುವ ಬಲತಂಡದ ಮೇಸ್ತ್ರಿ ಬಕಿಯದು. ಇನ್ನೊಂದು ಪಹೆರಿಯದು.

"ಮೂಳೆ ಹೊರಗೆ ಬಂದಿದೆಯಲ್ಲಯ್ಯಾ. ಇನ್ನೇನು ನೋಡ್ತೀಯ?" ಎಂದ ಬಕಿ. "ಹೇಳಿಬಿಡು ಮೂರನೇದು. ಎಲ್ಲರಿಗೂ ಸುಲಭ."

"ನೋಡೋಣ ಮೇಸ್ತ್ರಿಗಳೇ."

"ನೋಡೋದೇನು ಬಂತು? ಆರು ತಿಂಗಳು ಮಲಗಿ ತಿಂದು ಆಮೇಲೆ ಸಾಯೋ ಬದಲು ಈಗ್ಲೇ ಹೋಗ್ಲಿ. ಅಲ್ಲಯ್ಯಾ, ನಿನ್ನ ಹೆಸರನ್ನ ನಾಯಿಗೆ ಇಟ್ಟವನು ಇವನು. ನಿನಗೆ ಯಾಕೆ ಇಷ್ಟು ಮರುಕ?"

ಕೆನ್ನಾನಿಗೆ ಅರ್ಥವಾಯಿತು. ಬಕಿಯ ಅಕ್ಕನ ಮಗ ಅಪಿ ನದೀದಂಡೆಯಲ್ಲಿ ಕತ್ತೆ ಹೊಡೆದುಕೊಂಡು ನೀರು ಹೊರುತ್ತ ಮೂರು ವರ್ಷದಿಂದ ತಂಡದಲ್ಲಿ ಜಾಗ ಖಾಲಿಯಾಗುವುದನ್ನು ಕಾಯುತ್ತಿದ್ದ. ಮನೆಗಳೆಲ್ಲ ದೊರೆಯವು. ಆಳು ತಂಡದಿಂದ ಹೋದರೆ ಮನೆಯೂ ಹೋಗುತ್ತದೆ. ಹೆಂಡತಿ ಮಕ್ಕಳು ಗಂಟು ಕಟ್ಟಬೇಕು. ಏಣಿಯ ಮೇಲಿಂದಲೇ ಕೆನ್ನಾ, "ಇಬ್ಬರೂ ಹಂಚ್ಕೊಂಡು ತಿನ್ರೋ ನನ್ನ, ಹದ್ದುಗಳಾ!" ಎಂದು ಅರಚಿದ. ಹೊತ್ತಿದ್ದವರಲ್ಲಿ ಹಿರಿಯವನಾದ ಸೆನೆಬ್, "ಸುಮ್ನಿರಪ್ಪ, ಕಾಲು ಅಲ್ಲಾಡುತ್ತೆ," ಎಂದ. ಬಕಿಯ ಮಾತನ್ನು ತಾನು ಕೇಳಿಯೇ ಇಲ್ಲವೆಂಬಂತೆ ಅವನು ನೆಲ ನೋಡುತ್ತಿದ್ದ.

ಮನೆಯ ಬಾಗಿಲಲ್ಲಿ ಹುನೆರೊ ನಿಂತಿದ್ದಳು. ರೊಟ್ಟಿ ಹಿಟ್ಟು ಕೈಯಲ್ಲಿ ಒಣಗಿತ್ತು. ಅವಳು ಅಳಲಿಲ್ಲ. ಗಂಡನ ಕಾಲು ನೋಡಿದಳು, ವೈದ್ಯನ ಮುಖ ನೋಡಿದಳು. ಹಿಂದೆ ಊರಿಗೂರೇ ಸೇರಿತ್ತು.

"ಹೇಳಿ ವೈದ್ಯರೇ. ಯಾವ ಮಾತು?"

ಬಕಿ ಗಂಟಲು ಸರಿಮಾಡಿಕೊಂಡ. ಪಹೆರಿ ಅತ್ತ ತಿರುಗದೆ, "ಸೆಣಸಿ ನೋಡ್ತೀನಿ," ಎಂದ.

"ನಾನು ಒಪ್ಪಲ್ಲ!" ಕೆನ್ನಾ ಎದ್ದು ಕೂರಲು ಹೋದ. "ಇವನು ಮುಟ್ಟಿದ ಕಾಲು ನನಗೆ ಬೇಡ. ಕಡಿದು ಬಿಸಾಕಿ!"

"ಬಾಯಿ ನಿಂದು ಕಣಯ್ಯಾ, ಎಷ್ಟು ಬೇಕಾದ್ರೂ ಕೂಗ್ಕೊ," ಎಂದಳು ಹುನೆರೊ. "ಕಾಲು ನಂದೂ ಹೌದು, ಮಕ್ಕಳದ್ದೂ ಹೌದು. ಒಳಗೆ ತನ್ನಿ."

ಅವಳೇ ಗಂಡನ ಎದೆಯ ಮೇಲೆ ಕೂತಳು. ಸೆನೆಬ್ ತೊಡೆ ಹಿಡಿದ, ಇನ್ನಿಬ್ಬರು ತೋಳು ಹಿಡಿದರು. ಪಹೆರಿ ಗಾಯಕ್ಕೆ ನೀರು ಬಿಟ್ಟು ಕಲ್ಲಿನ ಹರಳನ್ನು ಒಂದೊಂದಾಗಿ ಆರಿಸಿದ. ಆಮೇಲೆ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಪಾದವನ್ನು ಗೋಡೆಗೆ ಒತ್ತಿಕೊಂಡು ಎಳೆದ. ಮೂಳೆ ಒಳಗೆ ಸರಿದು ಕೂತ ಸದ್ದು ಬಾಗಿಲಾಚೆ ನಿಂತವರಿಗೂ ಕೇಳಿಸಿತು. ಕೆನ್ನಾ ಪಹೆರಿಯ ತಾಯಿಯನ್ನು, ಅಜ್ಜಿಯನ್ನು, ಸತ್ತ ಮೇಲೆ ಅವನನ್ನು ತೂಗಲಿರುವ ದೇವರ ತಕ್ಕಡಿಯನ್ನು, ಎಲ್ಲವನ್ನೂ ಬೈದ. ಬೈಯುತ್ತಲೇ ಎಚ್ಚರ ತಪ್ಪಿದ.

ಮೊದಲ ದಿನ ಗಾಯಕ್ಕೆ ಹಸಿಮಾಂಸ ಕಟ್ಟಿದ್ದಾಯಿತು. ಮರುದಿನದಿಂದ ಜೇನು, ಕೊಬ್ಬು, ನಾರುಬಟ್ಟೆಯ ಎಳೆ. ಎರಡೂ ಪಕ್ಕಕ್ಕೆ ಖರ್ಜೂರದ ಗರಿಯ ದಿಂಡು ಇಟ್ಟು ಬಿಗಿದು, ಗಾಯದ ಜಾಗ ಮಾತ್ರ ತೆರೆದಿಟ್ಟಿದ್ದ. ಪಹೆರಿ ಬೆಳಿಗ್ಗೆ ಒಂದು ಸಲ, ಹೊತ್ತು ಇಳಿಯುವಾಗ ಒಂದು ಸಲ ಬರುತ್ತಿದ್ದ. ಬಂದಾಗಲೆಲ್ಲ ಬೈಗುಳ.

"ಬಂದೆಯಾ ಹೆಣ ಕಾಯೋನೇ? ಇನ್ನೂ ಸತ್ತಿಲ್ಲ, ಹೋಗು."

"ಬೈತಾ ಇರು. ದನಿ ಇಳಿದ ದಿನ ಜ್ವರ ಬಂತು ಅಂತ ಗೊತ್ತಾಗುತ್ತೆ," ಎನ್ನುವನು ಪಹೆರಿ. ಅವನ ಮಾತಿನಲ್ಲೂ ಒಂದಿಷ್ಟೂ ಮೆದುತನವಿರಲಿಲ್ಲ. ಕಟ್ಟು ಬಿಚ್ಚುವಾಗ ಕೆನ್ನಾನ ಮುಖ ನೋಡುತ್ತಿರಲಿಲ್ಲ; ಕತ್ತೆಯ ಗೊರಸು ನೋಡುವವನ ಹಾಗೆ ಕಾಲನ್ನಷ್ಟೇ ನೋಡುವನು. ಒಮ್ಮೆ ಹುನೆರೊ ಅವನ ಮುಂದೆ ಬಿಯರಿನ ಬಟ್ಟಲು ಇಟ್ಟಾಗ, "ಈ ಮನೇದು ನನಗೆ ಬೇಡಮ್ಮ," ಎಂದು ಪಕ್ಕಕ್ಕೆ ಸರಿಸಿದ.

ಒಂಬತ್ತನೆಯ ದಿನ ಬೈಗುಳ ನಿಂತಿತು. ಕಾಲು ಕುಂಬಳದ ಹಾಗೆ ಊದಿ ಗಾಯ ನಾರತೊಡಗಿತು. ಕೆನ್ನಾ ನೆಬುವಿನ ಜೊತೆ ಮಾತಾಡುತ್ತಿದ್ದ. ಉಳಿ ಕೊಡೋ, ದೀಪ ಹಿಡಿಯೋ ಎನ್ನುತ್ತಿದ್ದ. ಪಹೆರಿ ಬಂದು ಬಾಗಿಲಲ್ಲಿ ನಿಂತು ಒಮ್ಮೆ ಉಸಿರು ಎಳೆದುಕೊಂಡ. ಆ ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಗಾಯವನ್ನು ಮತ್ತೆ ತೆರೆದು, ಕಾಯಿಸಿದ ಚೂರಿಯಿಂದ ಕೊಳೆತದ್ದನ್ನು ಕೆತ್ತಿದ. ಒಳಗೆ ಸಿಕ್ಕಿಕೊಂಡಿದ್ದ ಬೆರಳುಗುರಿನಷ್ಟು ಮೂಳೆಯ ಚಕ್ಕೆಯನ್ನು ತೆಗೆದು ನೆಲಕ್ಕೆ ಹಾಕಿದ. ಎಂಥದೋ ತೊಗಟೆಯ ಕಹಿ ಕಷಾಯವನ್ನು ಮೂಗು ಹಿಡಿದು ಕುಡಿಸಿದ. ಮೂರು ಹಗಲು ಹೀಗೇ ನಡೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಕೆನ್ನಾ ಕಣ್ಣು ಬಿಟ್ಟು, "ಇವನಿನ್ನೂ ಇಲ್ಲೇ ಇದ್ದಾನಾ?" ಎಂದಾಗ ಹುನೆರೊ ಒಲೆಯ ಮುಂದೆ ಕೂತು ಮೊದಲ ಸಲ ಅತ್ತಳು.

ಬಕಿ ಸುಮ್ಮನಿರಲಿಲ್ಲ. ವೈದ್ಯ ಕೆಲಸಕ್ಕೆ ಬರಲಿಲ್ಲವೆಂದು ಕರಣಿಕನಿಂದ ಮಡಕೆಚೂರಿನ ಮೇಲೆ ಬರೆಸಿದ. ಕತ್ತೆಗಳ ಮೇಲೆ ಬರುವ ನೀರು ಬೀದಿಯ ಎಲ್ಲ ಮನೆಗೂ ಬಂದು ಕೆನ್ನಾನ ಮನೆಗೆ ಬರುವಾಗ ಮುಗಿದುಹೋಗುತ್ತಿತ್ತು. ನೀರು ಹಂಚುತ್ತಿದ್ದವನು ಅಪಿ. ಗಾಯ ತೊಳೆಯಲು ಹುನೆರೊ ಪಕ್ಕದ ಮನೆಗಳಲ್ಲಿ ಬಟ್ಟಲು ಬಟ್ಟಲಾಗಿ ಬೇಡಿ ತಂದಳು.

ಒಂದು ದಿನ ಅಪಿ ಅಳತೆಯ ಹಗ್ಗ ಹಿಡಿದುಕೊಂಡು ಬಂದೇಬಿಟ್ಟ. ಹೊಸ ನಡುಪಟ್ಟಿ ಕಟ್ಟಿದ್ದ. ಹೊಸ್ತಿಲಿಗೆ ಹಗ್ಗ ಹಿಡಿದು, "ಬಾಗಿಲು ಕಿರಿದಾಯ್ತು. ಅಗಲ ಮಾಡಿಸ್ಬೇಕು," ಎಂದು ತನಗೆ ತಾನೇ ಎಂಬಂತೆ, ಆದರೆ ಒಳಗೆ ಕೇಳುವಂತೆ ಹೇಳಿದ.

ಹುನೆರೊ ಹಿಟ್ಟಿನ ಕೈ ತೊಳೆದ ನೀರಿನ ಪಾತ್ರೆ ಹಿಡಿದು ಹೊರಗೆ ಬಂದಳು. "ಯಾರಪ್ಪ ಇದು? ಬದುಕಿರೋರ ಮನೆ ಅಳೆಯೋಕೆ ಬಂದಿರೋದು?"

"ಮಾವ ನೋಡ್ಕೊಂಡು ಬಾ ಅಂದ, ಅಕ್ಕ. ನೀವೇನೂ ಅವಸರ ಮಾಡ್ಬೇಡಿ. ಅವನು ಹೋದ ಮೇಲೆ..."

ಮಾತು ಮುಗಿಯುವ ಮುಂಚೆ ಪಾತ್ರೆಯ ನೀರೆಲ್ಲ ಅವನ ನೆತ್ತಿಯ ಮೇಲಿತ್ತು. ಒಳಗಿಂದ ಕೆನ್ನಾ ಕೂಗಿದ: "ಪಹೆರೀ! ಹಿಡಿಯೋ ಅವನನ್ನ!" ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದ ನಾಯಿ ಎರಡು ವರ್ಷ ತಿಂದ ಮುಳ್ಳಿನ ಋಣ ತೀರಿಸಿತು. ಅಪಿಯ ಮೀನಖಂಡಕ್ಕೆ ಬಾಯಿ ಹಾಕಿ, ಬೀದಿಯ ಕೊನೆಯವರೆಗೂ ಬಿಡಲಿಲ್ಲ.

ಕಚ್ಚಿದ ಗಾಯ ಕಟ್ಟಿಸಿಕೊಳ್ಳಲು ಅಪಿ ವೈದ್ಯನ ಬಾಗಿಲಿಗೇ ಹೋಗಬೇಕಾಯಿತು.

"ಯಾವ ನಾಯಿ ಕಚ್ಚಿದ್ದು?" ಎಂದು ಪಹೆರಿ ಎಲ್ಲರೆದುರು ಕೇಳಿದನಂತೆ.

ಅಪಿ ಅತ್ತಿತ್ತ ನೋಡಿ, "ಪ... ಪಹೆರಿ," ಎಂದನಂತೆ.

"ಹಾಗಿದ್ರೆ ನಂಜೇನಿಲ್ಲ, ಹೋಗು," ಎಂದನಂತೆ ವೈದ್ಯ.

ಹುನೆರೊ ಇದನ್ನು ಹೇಳುತ್ತ ನಗು ತಡೆಯಲಾರದೆ ಗೋಡೆಗೆ ಒರಗಿದಳು. ಕೆನ್ನಾನಿಗೂ ನಗು ಬಂತು. ಬಂದ ನಗುವನ್ನು ನುಂಗಿಕೊಂಡು, "ಅವನ ಸುದ್ದಿ ನನಗೆ ಹೇಳ್ಬೇಡ," ಎಂದು ಗೋಡೆಗೆ ಮುಖ ತಿರುಗಿಸಿದ.

ಗಾಯದ ಅಂಚಿನಲ್ಲಿ ಕೆಂಪು ಹೊಸಮಾಂಸ ಮೂಡತೊಡಗಿತು. ಸಾವು ದೂರ ಸರಿಯಿತೆಂದು ತಿಳಿದ ಮೇಲೆ ಕೆನ್ನಾನ ಮನಸ್ಸು ಬೇರೆ ಕಡೆ ತಿರುಗಿತು. ಮಲಗಿದಲ್ಲಿಂದ ಮೇಲಿನ ತೊಲೆಗಳನ್ನು ನೋಡುತ್ತ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಮಗುಚುತ್ತಿದ್ದ. ಮೂಳೆ ಹೊರಬಿದ್ದ ಈ ಕಾಲು ವಾಸಿಯಾಗುವುದಾದರೆ ಆ ತಲೆ ಯಾಕೆ ಆಗಲಿಲ್ಲ? ಒಂದು ಬೆಳಿಗ್ಗೆ ಪಹೆರಿ ಕಟ್ಟು ಕಟ್ಟುತ್ತಿದ್ದಾಗ ಕೇಳಿಯೇಬಿಟ್ಟ.

"ನೆಬು ಉಳೀತಿದ್ನಾ?"

ಪಹೆರಿಯ ಕೈ ನಿಲ್ಲಲಿಲ್ಲ. "ಗೊತ್ತಿಲ್ಲ."

"ಸುಳ್ಳು ಬೊಗಳಬೇಡ."

"ಗೊತ್ತಿಲ್ಲ ಅಂದ್ನಲ್ಲ. ಅಂಥ ಎರಡು ತಲೆ ನಮ್ಮಪ್ಪ ನೋಡಿದ್ದ. ಎರಡೂ ಕಡೆ ಇಟ್ಟಿಗೆ ಒತ್ತುಕೊಟ್ಟು ಕೂರಿಸಿ, ಅಲ್ಲಾಡದ ಹಾಗೆ ಇಟ್ಟು, ಹನಿಹನಿಯಾಗಿ ಕುಡಿಸಿದ್ದ. ಒಬ್ಬ ಸತ್ತ. ಇನ್ನೊಬ್ಬ ಮೊಮ್ಮಕ್ಕಳನ್ನ ಕಂಡ."

"ಮತ್ತೆ ನೀನು?"

ಪಹೆರಿ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದ. "ಆ ವರ್ಷ ನನ್ನ ಕೈಯಲ್ಲಿ ಇಬ್ಬರು ಹೋಗಿದ್ರು. ಇಬ್ಬರಿಗೂ ವಾಸಿ ಮಾಡ್ತೀನಿ ಅಂದಿದ್ದೆ. ಇನ್ನೊಬ್ಬ ಹೋದ್ರೆ ಪೆಟ್ಟಿಗೆ ಕಿತ್ಕೊಳ್ತೀನಿ ಅಂದಿದ್ದ ಬಕಿ. ಹೆದರಿದೆ."

"ಹೆದರಿದೆ."

"ಹೂಂ. ಹೆದರಿದೆ. ಆಮೇಲೆ ಬಂದು ನೋಡೋಕೂ ಮುಖ ಇರ್ಲಿಲ್ಲ."

ಪಕ್ಕದಲ್ಲಿ ನೀರಿನ ಮಣ್ಣುಬಟ್ಟಲಿತ್ತು. ಕೆನ್ನಾ ಅದನ್ನೆತ್ತಿ ಇದ್ದಷ್ಟು ಬಲದಿಂದ ಬೀಸಿದ. ಬಟ್ಟಲು ಪಹೆರಿಯ ಹುಬ್ಬಿಗೆ ಬಡಿದು ಚೂರಾಯಿತು. ರಕ್ತ ಕಣ್ಣಿಗಿಳಿಯಿತು. ಹುನೆರೊ ಓಡಿಬಂದು ಬಾಗಿಲಲ್ಲೇ ನಿಂತಳು. ಪಹೆರಿ ಒಂದು ಕೈಯಲ್ಲಿ ಬಟ್ಟೆಯ ತುಂಡನ್ನು ತನ್ನ ಹುಬ್ಬಿಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಕೊನೆಯ ಗಂಟು ಹಾಕಲು ನೋಡಿದ. ಒಂದೇ ಕೈಯಲ್ಲಿ ಆಗಲಿಲ್ಲ. "ಈ ತುದಿ ಹಿಡ್ಕೊಳ್ಳಮ್ಮ," ಎಂದ. ಅವಳು ಹಿಡಿದಳು.

"ನನಗ್ಯಾಕೆ ಎರಡನೇ ಮಾತು ಹೇಳ್ದೆ?" ಕೆನ್ನಾ ಏದುಸಿರು ಬಿಡುತ್ತಿದ್ದ. "ನನಗೂ ಮೂರನೇದು ಹೇಳಿ ಮುಗಿಸ್ಬೇಕಿತ್ತು."

"ನನ್ನ ಹೆದರಿಕೆಗೆ ಒಂದು ಸಲ ಹೇಳಿದ್ದೇ ಸಾಕಾಗಿದೆ. ಬಕಿಯ ಅಕ್ಕನ ಮಗನಿಗೋಸ್ಕರ ಇನ್ನೊಂದು ಸಲ ಹೇಳ್ಬೇಕಾ?" ಎಂದ ಪಹೆರಿ. ಪೆಟ್ಟಿಗೆ ಎತ್ತಿಕೊಂಡು ಹೋದ. ಮರುದಿನ ಬೆಳಿಗ್ಗೆ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಬಂದ. ಅಂದಿನಿಂದ ಕೆನ್ನಾ ಬೈಯುವುದನ್ನು ಬಿಟ್ಟ. ಬೈದರೆ ಒಳಗಿನದ್ದು ಒಂದಿಷ್ಟು ಹೊರಗೆ ಹೋಗುತ್ತದೆ; ಅದು ಹೋಗುವುದು ಅವನಿಗೆ ಬೇಕಿರಲಿಲ್ಲ.

ಹುಬ್ಬಿನ ಪಟ್ಟಿ ಬಕಿಯ ಕಣ್ಣಿಗೆ ಬಿದ್ದಿತ್ತು. ಅವನಿಗೆ ಬೇಕಾದದ್ದು ಅದರಲ್ಲೇ ಕಂಡಿತು. ಎರಡು ದಿನ ಬಿಟ್ಟು ಒಳ್ಳೆಯ ಬಿಯರಿನ ಗಡಿಗೆ, ಹುರಿದ ಬಾತುಕೋಳಿ ಹಿಡಿಸಿಕೊಂಡು ಕೆನ್ನಾನ ಮನೆಗೆ ಬಂದ. ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೇ ಕೂತ. ಮೇಸ್ತ್ರಿ ಯಾರ ಮನೆಯಲ್ಲೂ ನೆಲದ ಮೇಲೆ ಕೂತದ್ದನ್ನು ಊರು ಕಂಡಿರಲಿಲ್ಲ.

"ನಾಡಿದ್ದು ರಜೆಯ ದಿನ ಪಂಚಾಯ್ತಿ ಕರೆಸಿದ್ದೀನಿ ಕೆನ್ನಾ. ವೈದ್ಯನ ಮೇಲೆ. ವಾಸಿಯಾಗದ ಗಾಯಕ್ಕೆ ಸೆಣಸ್ತೀನಿ ಅಂತ ಸುಳ್ಳು ಹೇಳಿ ತಂಡದ ಮೇಲೆ ಹೊರೆ ಹೊರಿಸಿದ ಅಂತ."

"ಗೊತ್ತಾಯ್ತು. ಹೊರೆ ಅಂದ್ರೆ ನಾನು."

"ಅಯ್ಯೋ, ಕೋಪ ಮಾಡ್ಕೊಬೇಡಪ್ಪ. ಕೇಳು. ನಿನ್ನ ತಮ್ಮನ್ನ ಅವನು ಬೇಕಂತ್ಲೇ ಸಾಯೋಕೆ ಬಿಟ್ಟ ಅಂತ ಊರಿಗೇ ಅನುಮಾನ. ನೀನು ಅಲ್ಲಿ ಎದ್ದು ಅದನ್ನ ಹೇಳು. ಅವನ ಪೆಟ್ಟಿಗೆ ಅವತ್ತೇ ಕಿತ್ಕೊಳ್ತೀನಿ. ನಿನ್ನ ಹೊಟ್ಟೆ ತಣ್ಣಗಾಗುತ್ತೆ."

"ನನ್ನ ಮನೆ?"

"ಊರಬಾಗಿಲು ಕಾಯೋ ಕೆಲಸ ಕೊಡಿಸ್ತೀನಿ. ಕೂತ ಕಡೆ ಕೆಲಸ. ಮನೆ ನಿಂದೇ. ಉಳಿ ಹಿಡಿಯೋ ಜಾಗ ಅಪಿಗೆ ಬಿಟ್ಕೊಟ್ರೆ ಸಾಕು."

"ಪೆಟ್ಟಿಗೆ ಯಾರಿಗೆ ಕೊಡ್ತೀರಿ?"

ಬಕಿ ಬಾತುಕೋಳಿಯ ತೊಡೆ ಮುರಿದು ಕೆನ್ನಾನ ಮುಂದಿಟ್ಟ. "ಅದಕ್ಕೇನು, ಯಾರೋ ಒಬ್ಬರು. ಹೇಳಿದ ಮಾತು ಕೇಳೋರು ಇದ್ದಾರೆ."

ಅವನು ಹೋದ ಮೇಲೆ ಕೆನ್ನಾ ಬಾತುಕೋಳಿಯನ್ನು ಮುಟ್ಟಲಿಲ್ಲ. ಹುನೆರೊ ಮಕ್ಕಳಿಗೆ ಕೊಡಲು ಎತ್ತಿಕೊಂಡಳು. ಯಾರ ಕೈಯಿಂದ ಬಂದರೂ ಮಾಂಸ ಮಾಂಸವೇ ಎಂಬುದು ಅವಳ ಲೆಕ್ಕ. "ಏನು ಮಾಡ್ತೀಯ?" ಎಂದಳು.

"ಎರಡು ವರ್ಷದಿಂದ ಕಾಯ್ತಿದ್ದೆ ಕಣೇ," ಎಂದ ಕೆನ್ನಾ. "ಇಂಥ ಒಂದು ದಿನ ಬರ್ಲಿ ಅಂತ ಗುಡ್ಡದ ಶಿಖರದಲ್ಲಿರೋ ದೇವಿತಾಯಿಗೆ ಹರಕೆ ಹೊತ್ತಿದ್ದೆ."

ಪಂಚಾಯಿತಿ ಸೇರಿದ್ದು ಊರಬಾಗಿಲ ಹೊರಗೆ, ಚಿಕ್ಕ ಗುಡಿಯ ನೆರಳಲ್ಲಿ. ದೂರು ಬಕಿಯದೇ ಆದದ್ದರಿಂದ ಎಡತಂಡದ ಮೇಸ್ತ್ರಿ ನಡುವೆ ಕೂತಿದ್ದ. ದಡೂತಿ ಆಳು, ಮಾತು ಕಡಿಮೆ. ಪಕ್ಕದಲ್ಲಿ ಕರಣಿಕ, ಸುತ್ತ ಹಿರಿಯರು. ಕೆನ್ನಾನನ್ನು ಮಣೆಯ ಮೇಲೆ ಕೂರಿಸಿ ಸೆನೆಬ್ ಮತ್ತು ಇನ್ನೊಬ್ಬ ಹೊತ್ತು ತಂದಿಳಿಸಿದರು. ಪಹೆರಿ ಎದುರಿಗೆ ಒಬ್ಬನೇ ನಿಂತಿದ್ದ. ಅವನ ಪಕ್ಕದಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಕಣ್ಣುಬೇನೆ ಬಂದಾಗ ಹೋಗುತ್ತಿದ್ದವರೆಲ್ಲ ಈಗ ತಂತಮ್ಮ ಕಾಲುಗುರು ನೋಡುತ್ತಿದ್ದರು.

ಬಕಿ ದೂರು ಹೇಳಿದ. ಹೇಳಿ ಮುಗಿಸಿ, "ಇದಕ್ಕಿಂತ ದೊಡ್ಡದೂ ಇದೆ. ಅದನ್ನ ಕೆನ್ನಾನೇ ಹೇಳ್ತಾನೆ," ಎಂದು ಕೂತ.

"ಹೇಳಯ್ಯಾ," ಎಂದ ಎಡತಂಡದ ಮೇಸ್ತ್ರಿ. "ಫೇರೋನ ಮೇಲೆ ಆಣೆಯಿಟ್ಟು ಹೇಳು."

ಕೆನ್ನಾ ಆಣೆಯಿಟ್ಟ. ಆಮೇಲೆ ಪಹೆರಿಯತ್ತ ನೋಡಿದ. ಪಹೆರಿ ಕಣ್ಣು ತಪ್ಪಿಸಲಿಲ್ಲ. ಬರಲಿರುವುದು ಬರಲಿ ಎಂದು ನಿಂತವನ ಹಾಗಿದ್ದ. ಹುಬ್ಬಿನ ಗಾಯ ಕರಿಗಟ್ಟಿತ್ತು.

"ಈ ಮನುಷ್ಯನನ್ನ ಕಂಡ್ರೆ ನನಗಾಗಲ್ಲ," ಎಂದ ಕೆನ್ನಾ. "ನನ್ನ ತಮ್ಮನ್ನ ಸಾಯೋಕೆ ಬಿಟ್ಟ. ಹೆದರಿ ಬಿಟ್ಟ. ನನ್ನೆದುರಿಗೇ ಒಪ್ಕೊಂಡಿದ್ದಾನೆ. ನಾನು ಸಾಯೋವರೆಗೂ ಅದನ್ನ ಮರೆಯಲ್ಲ."

ಜನರಲ್ಲಿ ಗುಜುಗುಜು ಎದ್ದಿತು. ಬಕಿ ಕರಣಿಕನ ಕಡೆ ತಿರುಗಿ, "ಬರ್ಕೊಳ್ಳಿ," ಎಂದ.

"ಇನ್ನೂ ಮುಗಿದಿಲ್ಲ ಮೇಸ್ತ್ರಿಗಳೇ," ಎಂದ ಕೆನ್ನಾ. ಅವನ ದನಿ ಗಡುಸಾಯಿತು. "ನನ್ನನ್ನ ಏಣಿ ಮೇಲೆ ಹೊತ್ತು ತರುವಾಗ ನನ್ನ ಪಕ್ಕ ಯಾರೋ ಮಾತಾಡಿದ್ರು. ಹೇಳಿಬಿಡು ಮೂರನೇದು, ಎಲ್ಲರಿಗೂ ಸುಲಭ ಅಂತ. ಆ ಮಾತು ಆಡಿದ್ದು ವೈದ್ಯ ಅಲ್ಲ. ಬಕಿ ಮೇಸ್ತ್ರಿ."

ಬಕಿ ನಕ್ಕ. "ನೋವಲ್ಲಿ ಏನೋ ಕೇಳಿಸಿರಬೇಕು. ಸತ್ತ ತಮ್ಮನ ಜೊತೆ ಜ್ವರದಲ್ಲಿ ಮಾತಾಡ್ತಿದ್ನಂತೆ."

"ಅವತ್ತು ಜ್ವರ ಇರ್ಲಿಲ್ಲ. ನನ್ನ ಮಾತು ಬಿಡಿ. ಏಣಿ ಹೊತ್ತಿದ್ದೋರು ನಾಲ್ಕು ಜನ ಇಲ್ಲೇ ನಿಂತಿದ್ದಾರಲ್ಲ, ಕೇಳಿ." ಕೆನ್ನಾ ಕುತ್ತಿಗೆ ಹೊರಳಿಸಿದ. "ಸೆನೆಬಣ್ಣ, ನಿನಗೆ ಕಿವಿ ಕೇಳಿಸುತ್ತೋ ಇಲ್ವೋ?"

ಸೆನೆಬ್ ನೆಲ ನೋಡಿದ. ಅವನ ಇಬ್ಬರು ಗಂಡುಮಕ್ಕಳು ಬಕಿಯ ಕೈಕೆಳಗೇ ದುಡಿಯುತ್ತಿದ್ದರು.

"ಅಣ್ಣಾ, ನಾಳೆ ನಿನ್ನ ಮಗನ ಮೇಲೆ ಚಪ್ಪಡಿ ಬೀಳುತ್ತೆ," ಎಂದ ಕೆನ್ನಾ. "ಇವತ್ತು ಈ ಪೆಟ್ಟಿಗೆ ಮೇಸ್ತ್ರಿ ಕೈಗೆ ಹೋದ್ರೆ, ಯಾರು ಬದುಕ್ಬೇಕು ಯಾರು ಸಾಯ್ಬೇಕು ಅನ್ನೋದನ್ನ ಗಾಯ ನೋಡಿ ಹೇಳಲ್ಲ. ಯಾರ ಜಾಗಕ್ಕೆ ಯಾರು ಕಾಯ್ತಿದ್ದಾರೆ ಅಂತ ನೋಡಿ ಹೇಳ್ತಾರೆ. ಆವಾಗ ನನ್ನ ಹತ್ರ ಬಂದು ಅಳಬೇಡ."

ಕತ್ತೆಯೊಂದು ಅರಚಿತು. ಕೊನೆಗೆ ಸೆನೆಬ್ ಕೆಮ್ಮಿದ.

"ಕೇಳಿಸ್ತು," ಎಂದ. "ಅವರು ಹಾಗಂದದ್ದು ನಿಜ."

"ನಂಗೂ ಕೇಳಿಸ್ತು," ಎಂದ ಅವನ ಹಿಂದಿದ್ದವನು. ಮೂರನೆಯವನು ತಲೆಯಾಡಿಸಿದ. ನಾಲ್ಕನೆಯವನು ಮಾತ್ರ ತಾನು ಏಣಿಯ ಹಿಂಬದಿಗೆ ಇದ್ದೆ, ಗಾಳಿ ಜೋರಿತ್ತು ಎಂದ. ಅವನ ಹೆಂಡತಿ ಗುಂಪಿನಿಂದಲೇ, "ಥೂ, ಮನೆಗೆ ಬಂದು ನನ್ನ ಹತ್ರ ಹೇಳಿದ್ದೇನು ಮತ್ತೆ?" ಎಂದಳು. ಜನ ನಕ್ಕರು. ಬಕಿಯ ಮುಖ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಎಡತಂಡದ ಮೇಸ್ತ್ರಿ ಎದ್ದು ಬಂದು ಕೆನ್ನಾನ ಕಾಲಿನ ಕಟ್ಟನ್ನು ಬಿಚ್ಚಿಸಿ ನೋಡಿದ. ಗಾಯ ಮುಚ್ಚಿಕೊಂಡಿತ್ತು. ಬೆರಳುಗಳನ್ನು ಅಲ್ಲಾಡಿಸು ಎಂದ, ಕೆನ್ನಾ ಅಲ್ಲಾಡಿಸಿದ. "ವೈದ್ಯ ಸೆಣಸ್ತೀನಿ ಅಂದ, ಸೆಣಸಿದ್ದಾನೆ. ದೂರು ನಿಲ್ಲಲ್ಲ," ಎಂದು ತೀರ್ಪು ಹೇಳಿದ. ಕೆನ್ನಾನ ಜಾಗ ಕೆನ್ನಾನಿಗೇ ಉಳಿಯಿತು. ಆದರೆ ಮೇಸ್ತ್ರಿಯನ್ನು ತೆಗೆಯುವ ಅಧಿಕಾರ ಪಂಚಾಯಿತಿಗೆ ಇರಲಿಲ್ಲ. ಬಕಿ ಎದ್ದು ಹೋಗುವಾಗ ಕೆನ್ನಾನ ಮಣೆಯ ಹತ್ತಿರ ನಿಂತು, ತುಟಿ ಅಲ್ಲಾಡಿಸದೆ, "ಕೆಲಸಕ್ಕೆ ಬಾ. ಕಾಯ್ತಿರ್ತೀನಿ," ಎಂದ.

ಪಹೆರಿ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಬೀದಿಯಲ್ಲಿ ಒಬ್ಬನೇ ನಡೆದು ಹೋದ. ಹೆದರಿ ಬಿಟ್ಟನೆಂದು ಕೆನ್ನಾ ಎಲ್ಲರೆದುರು ಹೇಳಿದ ಮಾತು ಅವನ ಜೊತೆಯಲ್ಲೇ ಹೋಯಿತು. ಆಮೇಲೆ ಎಷ್ಟೋ ದಿನ ಹೆಂಗಸರು ಅವನ ಬಾಗಿಲು ದಾಟುವಾಗ ದನಿ ತಗ್ಗಿಸುತ್ತಿದ್ದರು.

ಐವತ್ತು ದಿನವಾದ ಮೇಲೆ ದಿಂಡುಗಳನ್ನು ಬಿಚ್ಚಲು ಅವನು ಕೊನೆಯ ಸಲ ಬಂದ. ಎಡಗಾಲು ಒಣಗಿದ ಕೊಂಬೆಯ ಹಾಗೆ ತೆಳ್ಳಗಾಗಿತ್ತು. ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಪಹೆರಿ ಅವನನ್ನು ಗೋಡೆ ಹಿಡಿಸಿ ನಿಲ್ಲಿಸಿ, ಮೊಣಕಾಲು ಒತ್ತಿ, ಪಾದ ತಿರುಗಿಸಿ ನೋಡಿದ.

"ಕುಂಟು ಉಳಿಯುತ್ತೆ. ಎಡ ಚಪ್ಪಲಿಗೆ ಎರಡು ಪದರ ಹೆಚ್ಚಿಗೆ ಹೊಲಿಸ್ಕೊ. ದಿನಾ ಕೊಬ್ಬು ತಿಕ್ಕು."

"ಇನ್ನು ನೀನು ಈ ಹೊಸ್ತಿಲು ತುಳೀಬೇಡ," ಎಂದ ಕೆನ್ನಾ.

"ತುಳಿಯಲ್ಲ."

"ಹುನೆರೊಗೋ ಮಕ್ಕಳಿಗೋ ಏನಾದ್ರೂ ಆದ್ರೆ ಅವರೇ ನಿನ್ನ ಬಾಗಿಲಿಗೆ ಬರ್ತಾರೆ. ನೋಡ್ಬೇಕು."

"ನೋಡ್ತೀನಿ."

"ಇನ್ನೊಂದು ಮಾತು. ಮುಂದೆ ಯಾರ ತಲೆ ಒಡೆದ್ರೂ ಕೈ ತೊಳ್ಕೊಂಡು ಎದ್ದು ಹೋಗ್ಬೇಡ."

ಪಹೆರಿ ಪೆಟ್ಟಿಗೆಯ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಿದ. ಮೊದಲ ಸಲ ಅವನ ದನಿ ಏರಿತು. "ನನಗೆ ಬುದ್ಧಿ ಹೇಳೋಕೆ ನೀನ್ಯಾರೋ?"

"ನೆಬುವಿನ ಅಣ್ಣ," ಎಂದ ಕೆನ್ನಾ.

ಪಹೆರಿಯ ದವಡೆ ಬಿಗಿಯಿತು. ಬಗ್ಗಿ ಬಾಗಿಲು ದಾಟಿ ಹೋದ.

ಹತ್ತು ದಿನಗಳ ಹೊಸ ವಾರ ಶುರುವಾದ ಬೆಳಿಗ್ಗೆ ಕೆನ್ನಾ ಕೋಲೂರಿಕೊಂಡು ತಂಡದ ಹಿಂದೆ ಗುಡ್ಡ ಹತ್ತಿದ. ಎಲ್ಲರೂ ಮುಂದೆ ಹೋದರು. ಸೆನೆಬ್ ಎರಡು ಸಲ ನಿಂತು ಕಾದ. ಕೆನ್ನಾ ಕೈಬೀಸಿ ಹೋಗೆಂದ. ಕಣಿವೆಗೆ ಇಳಿಯುವಷ್ಟರಲ್ಲಿ ಉಳಿದವರು ಮೊದಲ ದೀಪದ ಬತ್ತಿ ಉರಿದು ಮುಗಿಯುವಷ್ಟು ಹೊತ್ತು ಕೆಲಸ ಮಾಡಿ ಮುಗಿಸಿದ್ದರು. ಸುರಂಗದ ಬಾಯಲ್ಲಿ ಬಕಿ ಕರಣಿಕನ ಪಕ್ಕ ನಿಂತು, "ತಡವಾಗಿ ಬಂದ ಅಂತ ಬರ್ಕೊಳ್ಳಿ," ಎಂದ. ಕರಣಿಕ ಬರೆದುಕೊಂಡ. ಪಹೆರಿ ತಲೆಯ ಮೇಲೆ ಚೂರಿನ ಬುಟ್ಟಿ ಹೊತ್ತು ಹೊರಗೆ ಬರುತ್ತಿದ್ದ. ಚೂರಿನ ರಾಶಿಯಿಂದಾಗಿ ಸುರಂಗದ ಬಾಯಿ ಇಬ್ಬರು ಒಟ್ಟಿಗೆ ದಾಟಲು ಇಕ್ಕಟ್ಟು. ಪಹೆರಿ ಗೋಡೆಗೆ ಒತ್ತಿ ನಿಂತ. ಕೆನ್ನಾ ಅವನ ಮುಖ ನೋಡದೆ, ಮೈ ತಾಗದ ಹಾಗೆ ಎಚ್ಚರದಿಂದ ದಾಟಿಕೊಂಡು ಒಳಗೆ ಹೋದ.

ತಾನು ಮುಂಚೆ ಕೊರೆಯುತ್ತಿದ್ದ ಗೋಡೆಯ ಬುಡದಲ್ಲಿ ಕಾಲು ಚಾಚಿ ಕೂತ. ನಿಂತು ಹೊಡೆಯಲು ಇನ್ನು ಆಗುವುದಿಲ್ಲ. ಕೂತಲ್ಲಿಂದ ಎಟುಕುವಷ್ಟನ್ನು ಕೊರೆಯಬಹುದು. ಕಾಲು ಗುಡ್ಡ ಹತ್ತಿದ್ದಕ್ಕೆ ಸಿಡಿಯುತ್ತಿತ್ತು. ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ನೋಡಿ, ಕೊಡತಿ ಎತ್ತಿ, ಮೊದಲ ಏಟು ಹಾಕಿದ.